ಮನೆ ನೋಡಲು ಬಂದವರು

ಸದ್ದುಗದ್ದಲವಿಲ್ಲದ ಬಡಾವಣೆಯಲ್ಲೇ ಮನೆ ಬೇಕು ಎಂದು ಹಟ ಹಿಡಿದವಳು ನಾನು. ನನ್ನ ಗಂಡನಿಗೆ ಅಂಥ ಆಸೆಯೇನೂ ಇರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವ ಅವರಿಗೆ ತಲೆ ಮೇಲೊಂದು ಫ್ಯಾನು ತಿರುಗುತ್ತಿದ್ದರೆ ಬಸ್ ನಿಲ್ದಾಣದಲ್ಲೂ ನಿದ್ದೆ ಬರುತ್ತದೆ. ಹನ್ನೊಂದು ವರ್ಷ ನಾವು ಬಾಡಿಗೆಗೆ ಇದ್ದದ್ದೂ ಹೆಚ್ಚುಕಡಿಮೆ ಅಲ್ಲೇ, ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಕೆಳಗೆ ಪಂಕ್ಚರ್ ಅಂಗಡಿ, ಮೇಲೆ ಮಾಲೀಕರ ತಾಯಿ. ನಾನು ಎಷ್ಟು ಬಕೆಟ್ ನೀರು ಹಿಡಿದೆ ಎಂಬುದನ್ನು ಆ ಮಹಾತಾಯಿ ಮೇಲೆ ಕೂತು ಕಿವಿಯಲ್ಲೇ ಲೆಕ್ಕ ಹಾಕುತ್ತಿದ್ದರು. ಮಂಡಿಕಲ್ ಕಡೆಯ ಶಾಲೆಗೆ ನನಗೆ ವರ್ಗವಾದಾಗ, ಇನ್ನು ಬಾಡಿಗೆ ಮನೆಯ ಸಹವಾಸ ಸಾಕು, ಚಿಕ್ಕಬಳ್ಳಾಪುರದಲ್ಲಿ ಸ್ವಂತ ಮನೆ ತೆಗೆದುಕೊಳ್ಳೋಣ ಎಂದು ಗಂಡನ ಬೆನ್ನು ಹತ್ತಿದೆ.

ಎಂಟು ತಿಂಗಳು ಮನೆ ನೋಡಿದೆವು. ಶಿಡ್ಲಘಟ್ಟದಲ್ಲಿ ಕಡಿಮೆಗೆ ಬರುತ್ತದೆ ಎಂದು ಅಲ್ಲಿಗೂ ಹೋದೆವು. ಮನೆ ಲಕ್ಷಣವಾಗಿತ್ತು, ಆದರೆ ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ಗೂಡು ಬೇಯುವ ವಾಸನೆಗೆ ನಾನು ಮೂಗಿಗೆ ಸೆರಗು ಹಿಡಿದೆ. "ಮೂರು ತಿಂಗ್ಳು ಇದ್ರೆ ವಾಸ್ನೆ ಗೊತ್ತೇ ಆಗಲ್ಲಮ್ಮ" ಎಂದರು ಮಾಲೀಕರು. ಮನುಷ್ಯ ಎಂಥದಕ್ಕೂ ಒಗ್ಗಿಹೋಗುತ್ತಾನೆ ಎಂಬುದನ್ನು ಆಗ ನಾನು ನಂಬಿರಲಿಲ್ಲ.

ಕೊನೆಗೆ ಚಿಕ್ಕಬಳ್ಳಾಪುರದಲ್ಲೇ ಒಂದು ಮನೆಯ ಸುದ್ದಿ ಬಂತು. ಗೌರಿಬಿದನೂರಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಒಬ್ಬಾತ ಮಾರುತ್ತಿದ್ದ. ಅವನ ತಂದೆ ಕಟ್ಟಿಸಿದ ಮನೆ. ತಂದೆ ತೀರಿಕೊಂಡ ಮೇಲೆ ಖಾತೆ ಅವನ, ಅವನ ತಾಯಿಯ ಮತ್ತು ತಂಗಿಯ ಹೆಸರಿಗೆ ಬಂದಿತ್ತು. ತಾಯಿ ಮತ್ತು ತಂಗಿ ಅಲ್ಲೇ ವಾಸವಾಗಿದ್ದರು. ಭಾನುವಾರ ಬನ್ನಿ ಎಂದ.

ನಾನು, ನನ್ನ ಗಂಡ, ಮೈದುನ ಮೂವರೂ ಹೊರಟೆವು. ಮೈದುನ ಕಟ್ಟಡದ ಕೆಲಸಗಳ ಮೇಲ್ವಿಚಾರಕ. ವಯಸ್ಸು ನಲವತ್ತಾದರೂ ಮದುವೆ ಬೇಡವೆಂದು ಕೂತವನು. ಗೋಡೆ, ತಾರಸಿ, ಪೈಪು ಇವುಗಳ ವಿಷಯದಲ್ಲಿ ಅವನ ಕಣ್ಣು ಚುರುಕು ಎಂದು ಕರೆದುಕೊಂಡು ಹೋಗಿದ್ದೆವು. ಹಿರಿಯರಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ದಾರಿಯಲ್ಲಿ ಎರಡು ಮೊಳ ಕನಕಾಂಬರ, ಒಂದು ಕೆಜಿ ದ್ರಾಕ್ಷಿ ತೆಗೆದುಕೊಂಡೆ. ಒಬ್ಬ ಮದುವೆಯಾಗದ ಗಂಡಸು, ಅವನ ಅಣ್ಣ, ಹೂವು ಹಣ್ಣು ಹಿಡಿದ ಅತ್ತಿಗೆ. ಬೆಳಗ್ಗೆ ಹತ್ತೂವರೆಗೆ ನಾವು ಹೋಗಿ ನಿಂತ ರೀತಿ ಇದು.

ಬೀದಿ ನೋಡಿದ ಕೂಡಲೇ ನನ್ನ ಎದೆ ತಣ್ಣಗಾಯಿತು. ಅದು ಕೊನೆಯಾಗುವ ರಸ್ತೆ, ಮುಂದಕ್ಕೆ ದಾರಿಯಿಲ್ಲ, ಹಾಗಾಗಿ ಸುಮ್ಮನೆ ಹಾದುಹೋಗುವ ಗಾಡಿಯೂ ಇಲ್ಲ. ಎರಡು ಹೊಂಗೆ ಮರ. ಯಾರದೋ ಮನೆಯ ಕುಕ್ಕರ್ ಕೂಗಿದ್ದು ಬೀದಿಯ ಕೊನೆವರೆಗೂ ಕೇಳಿಸಿತು. ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು. ಇದು ನನ್ನದು ಎಂದು ಒಳಗೆ ಕಾಲಿಡುವ ಮೊದಲೇ ತೀರ್ಮಾನ ಮಾಡಿಬಿಟ್ಟೆ.

ಅಂಗಳಕ್ಕೆ ಆಗಷ್ಟೇ ರಂಗೋಲಿ ಹಾಕಿದ್ದರು. ತಾಯಿ ಬಾಗಿಲಿಗೇ ಬಂದು ನನ್ನ ಕೈಯ ಹೂವು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಿಮ್ಮದು ಯಾವ ಊರ ಕಡೆ, ಯಾರ ಪೈಕಿ ಎಂದೆಲ್ಲ ಕೇಳಿದರು. ಸ್ವಲ್ಪ ಹೊತ್ತಿಗೆ ತಂಗಿ ಬಂದಳು. ಮೂವತ್ತೆಂಟರ ಆಸುಪಾಸು, ಮನೆಯಲ್ಲೇ ರವಿಕೆ ಹೊಲಿದುಕೊಡುತ್ತಿದ್ದವಳು. ರೇಷ್ಮೆ ಸೀರೆ ಉಟ್ಟು ಕೇಸರಿಬಾತು, ಉಪ್ಪಿಟ್ಟು ತಂದಿಟ್ಟಳು. ಮನೆ ಕೊಳ್ಳಲು ಬಂದವರಿಗೂ ಇಷ್ಟು ಉಪಚಾರ ಮಾಡುತ್ತಾರಲ್ಲ, ಎಂಥ ಒಳ್ಳೆಯ ಜನ ಎಂದುಕೊಂಡೆ. ಇದೇ ಎರಡು ತಿಂಡಿ ಇಟ್ಟುಕೊಂಡು ನನ್ನನ್ನೇ ನಾಲ್ಕು ಗಂಡಿನ ಕಡೆಯವರು ನೋಡಿಹೋಗಿದ್ದಾರೆ. ಆದರೂ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಬುದ್ಧಿ ಬೇರೆ!

ಮೈದುನ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಗೋಡೆಗಳನ್ನು ನೋಡುತ್ತಿದ್ದ. ತಾಯಿ ನನ್ನ ಕಡೆ ಬಾಗಿ, "ಏನಾದ್ರೂ ಕೇಳೋದಿದ್ರೆ ಕೇಳಿ ಅನ್ನಮ್ಮ ಅವರ್ಗೆ, ಸಂಕೋಚ ಬೇಡ" ಎಂದರು. ನಾನು ಹೇಳಿದೆ. ಅವನು ಕೇಳಿದ:

"ನೀರು ದಿನಾ ಬರುತ್ತಾ?"

ತಂಗಿ ತಲೆ ಎತ್ತದೆ, "ದಿನ ಬಿಟ್ಟು ದಿನ ಬರುತ್ತೆ" ಎಂದಳು. ಅವಳ ಕಿವಿಯವರೆಗೂ ಕೆಂಪೇರಿತು. ತಾಯಿ ಸಮಾಧಾನದ ಉಸಿರು ಬಿಟ್ಟು, "ಜಾಸ್ತಿ ಮಾತಾಡಲ್ಲಮ್ಮ ಇವಳು, ಕೆಲ್ಸದಲ್ಲಿ ಮಾತ್ರ ಮುಂದು" ಎಂದರು. ಆಗ ನನಗೆ ತಿಳಿಯಿತು. ಕೇಸರಿಬಾತಿನ ತಟ್ಟೆಯನ್ನು ಕೆಳಗಿಟ್ಟೆ. ಬಾಗಿಲ ಹತ್ತಿರ ಕೂತಿದ್ದ ಅವಳ ಅಣ್ಣನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಹೊರಡುವಾಗ ಗೇಟಿನ ಹತ್ತಿರ ಅವನನ್ನು ಹಿಡಿದು ಕೇಳಿದೆ.

"ನಾನೇನೂ ಸುಳ್ಳು ಹೇಳಿಲ್ಲ ಮೇಡಂ. ಭಾನ್ವಾರ ಚಿಂತಾಮಣಿ ಕಡೆಯಿಂದ ಮೂರು ಜನ ಬರ್ತಾರೆ ಅಂದೆ, ಅಷ್ಟೇ. ಮಿಕ್ಕಿದ್ದು ಅವರೇ ಅಂದ್ಕೊಂಡ್ರು. ಮನೆ ಮಾರೋ ವಿಷ್ಯ ಎತ್ತಿದ್ರೆ ಮೂರು ವರ್ಷದಿಂದ ಅವ್ಳು ಸೈನ್ ಹಾಕಲ್ಲ ಅಂತಾಳೆ. ಅದಕ್ಕೇ ಬಾಯಿ ಬರ್ಲಿಲ್ಲ."

"ಇವತ್ತೇ ಹೇಳಿಬಿಡಿ" ಎಂದೆ. ಹೇಳುತ್ತೇನೆ ಎಂದ. ಅಷ್ಟು ಹೊತ್ತಿಗಾಗಲೇ ನಾನು ಒಳಗೆ, "ಊರಿಗೆ ಹೋಗಿ ಯೋಚನೆ ಮಾಡಿ ತಿಳಿಸ್ತೀವಿ" ಎಂದು ತಾಯಿಗೆ ಹೇಳಿಯೂ ಬಂದಿದ್ದೆ. ಮನೆಯ ವಿಷಯಕ್ಕೆ ಹೇಳಿದ್ದು. ಆದರೆ ಗಂಡಿನ ಕಡೆಯವರು ಇದಕ್ಕಿಂತ ಬೇರೆ ಮಾತು ಎಂದಾದರೂ ಆಡಿದ್ದಾರೆಯೇ?

ವಾರ ಕಳೆದು ಅವನ ಫೋನು ಬಂತು. ತಂಗಿ ಸಹಿ ಹಾಕಲು ಒಪ್ಪಿದ್ದಾಳೆ ಎಂದ. ಹೇಗೆ ಒಪ್ಪಿದಳು ಎಂದೆ. ಬಾಯಿ ಬಿಟ್ಟ. ಹುಡುಗಿ ಅವರಿಗೆ ಒಪ್ಪಿಗೆಯಾಗಿದೆ, ಮನೆಯನ್ನೂ ಅವರೇ ಕೊಳ್ಳುತ್ತಾರೆ, ಮದುವೆಯಾದ ಮೇಲೆ ನೀನು ಇದೇ ಮನೆಗೇ ಸೊಸೆಯಾಗಿ ಬರುತ್ತೀಯ ಎಂದು ಅವಳಿಗೆ ಹೇಳಿದ್ದನಂತೆ.

"ನೀವೇನೂ ಹೇಳೋದ್ ಬೇಡ ಮೇಡಂ. ಸುಮ್ನಿದ್ರೆ ಸಾಕು. ರಿಜಿಸ್ಟ್ರೇಷನ್ ಆದ್ಮೇಲೆ ನಾನೇ ನಿಧಾನಕ್ಕೆ ಹೇಳ್ಕೋತೀನಿ."

ಗಂಡನಿಗೆ ಹೇಳಿದೆ. "ಅವರ ಮನೆ ವಿಷ್ಯ ಕಣೇ, ನಮಗ್ಯಾಕೆ?" ಎಂದು ಅವರು ಮಗ್ಗುಲು ಬದಲಿಸಿದರು. ಅವರನ್ನು ಬೈಯುವುದು ಸುಲಭ. ನಿಜ ಹೇಳಬೇಕೆಂದರೆ ಆ ಮಾತು ಅವರ ಬಾಯಿಂದ ಬರಲಿ ಎಂದೇ ನಾನು ಕಾದಿದ್ದೆ. ಬೇರೆ ಯಾರ ಮನೆಯಲ್ಲಾದರೂ ಹೀಗೆ ನಡೆದಿದ್ದರೆ ಆ ಹೆಂಗಸಿನ ಜುಟ್ಟು ಹಿಡಿದು ಕೇಳುತ್ತಿದ್ದೆ. ನನಗೆ ಮನೆ ಬೇಕಿತ್ತು. ಆ ಕಿಟಕಿಯ ಮುಂದೆ ನಿಂತು ಕಾಫಿ ಸೋಸಬೇಕಿತ್ತು. ಮೈದುನನಿಗೆ ನಾವಿಬ್ಬರೂ ಒಂದಕ್ಷರ ಹೇಳಲಿಲ್ಲ. ಅವನು ಒಪ್ಪುವವನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳು ನನ್ನ ಪಕ್ಕದಲ್ಲೇ ಬಂದು ಕೂತಳು. ಅಲ್ಲಿ ಎಂಥ ಜನಜಂಗುಳಿ, ಎಂಥ ಸೆಕೆ! ಆದರೂ ಅವಳ ಮುಖದಲ್ಲಿ ಒಂದು ಗೆಲುವಿತ್ತು. ಬಳೆ ಸರಿಸಿಕೊಳ್ಳುತ್ತ ಬಹಳ ಹೊತ್ತು ಕೂತಿದ್ದು, ಅಣ್ಣ ಆಚೆ ಹೋದದ್ದನ್ನು ನೋಡಿ ನನ್ನ ಕಿವಿಯ ಹತ್ತಿರ ಬಂದಳು.

"ಅಕ್ಕಾ, ಅಣ್ಣನ ಮಾತು ನಂಗೆ ಪೂರ್ತಿ ನಂಬಿಕೆ ಬರಲ್ಲ. ಚಿಕ್ಕಂದಿನಿಂದ ಹಂಗೇ ಅವ್ನು. ನೀವು ಹೇಳಿಬಿಡಿ. ನಿಮ್ಗೆಲ್ಲ ಒಪ್ಪಿಗೆ ಆಗಿದೆ ಅಲ್ವಾ?"

ಯಾವುದು ಒಪ್ಪಿಗೆ ಎಂದು ಅವಳು ಹೇಳಲಿಲ್ಲ. ಹೇಳಲು ನಾಚಿಕೆ. ಆ ಒಂದು ಬಿರುಕಿನಲ್ಲಿ ನಾನು ನುಸುಳಿಕೊಂಡೆ.

"ಒಪ್ಪಿಗೆ ಆಗಿದೆ ಕಣಮ್ಮ" ಎಂದೆ.

ಮನೆ ಒಪ್ಪಿಗೆಯಾಗಿದೆ ಎಂದು ತಾನೇ ಹೇಳಿದ್ದು, ಅದರಲ್ಲಿ ಸುಳ್ಳೇನಿದೆ ಎಂದು ನನಗೆ ನಾನೇ ಆಮೇಲೆ ಎಷ್ಟು ಸಲ ವಾದ ಮಾಡಿದ್ದೇನೋ. ಅವಳ ಹೆಸರು ಕೂಗಿದರು. ಎದ್ದು ಹೋಗಿ ಫೋಟೋಕ್ಕೆ ಕೂತಳು, ಹೆಬ್ಬೆರಳು ಒತ್ತಿದಳು, ದುಂಡಗಿನ ಅಕ್ಷರದಲ್ಲಿ ಪುಟ ಪುಟಕ್ಕೂ ಸಹಿ ಮಾಡಿದಳು. ಎಲ್ಲಿ ಮಾಡಬೇಕೆಂದು ತಿಳಿಯದ ಒಂದು ಕಡೆ ನಾನೇ ಬೆರಳಿಟ್ಟು ತೋರಿಸಿದೆ.

ಬೀಗದ ಕೈ ಸಿಕ್ಕ ದಿನ ಮನೆಯ ಬಾಗಿಲು ತೆಗೆದೆ. ನಡುಮನೆ, ಅಡುಗೆಮನೆ, ತಾಯಿಯ ಕೋಣೆ ಎಲ್ಲ ಖಾಲಿ, ಗುಡಿಸಿ ಒರೆಸಿಟ್ಟಿದ್ದರು. ಹಿಂದಿನ ಕೋಣೆ ಮಾತ್ರ ಇದ್ದ ಹಾಗೇ ಇತ್ತು. ಹೊಲಿಗೆ ಯಂತ್ರ, ಮಡಿಸಿಟ್ಟ ಸೀರೆಗಳು, ಕನ್ನಡಿಯ ಮೇಲೆ ಅಂಟಿಸಿದ ಬಿಂದಿ. ಅಣ್ಣನಿಗೆ ಫೋನು ಮಾಡಿದೆ. "ಹೊತ್ಕೊಂಡ್ ಹೋಗಿ ಮತ್ತೆ ಹೊತ್ಕೊಂಡ್ ಬರೋದ್ಯಾಕೆ ಅಂದ್ಲು ಮೇಡಂ" ಎಂದ. ಅವನು ಇನ್ನೂ ಹೇಳಿರಲಿಲ್ಲ. ನಾನು ಆ ಕೋಣೆಗೆ ಬೀಗ ಹಾಕಿದೆ. ಗೃಹಪ್ರವೇಶ ಒಂದು ಮುಗಿಯಲಿ, ಶುಭಕಾರ್ಯದ ಮುಂಚೆ ಕಣ್ಣೀರು ಬೇಡ ಎಂದುಕೊಂಡೆ. ಶಾಸ್ತ್ರ ಸಂಪ್ರದಾಯ ಇಂಥ ಕೆಲಸಕ್ಕೆ ಬಹಳ ಅನುಕೂಲ.

ಗೃಹಪ್ರವೇಶಕ್ಕೆ ನಾನು ಅವರನ್ನು ಕರೆದಿರಲಿಲ್ಲ. ಎದುರು ಮನೆಯವರಿಗೆ ಕೊಟ್ಟ ಪತ್ರಿಕೆಯಿಂದ ಸುದ್ದಿ ತಿಳಿದು, ಈಗ ಅಣ್ಣನ ಮನೆಯಲ್ಲಿದ್ದ ತಾಯಿ ಮಗಳು ಗೌರಿಬಿದನೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದರು. ಕರೆಯದಿದ್ದದ್ದಕ್ಕೆ ಬೇಸರವೂ ಇರಲಿಲ್ಲ. ಸ್ವಂತ ಮನೆಯ ಕೆಲಸಕ್ಕೆ ಕರೆಯುವುದೇನು ಎಂದುಕೊಂಡಿರಬೇಕು. ಅವಳು ನನ್ನನ್ನು ನೋಡಿ ನಕ್ಕು, ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಯವರ ಕಡೆ ಹೋದಳು. ಯಾವ ನಲ್ಲಿ ಸೋರುತ್ತದೆ, ಯಾವ ಕಿಟಕಿ ಗಟ್ಟಿ ಎಳೆಯಬೇಕು ಎಂದು ಅವರಿಗೆ ಹೇಳಿಕೊಟ್ಟಳು. ಬೀದಿಯ ಹೆಂಗಸರು ಅವಳ ಕೆನ್ನೆ ಸವರಿ ಏನೋ ಕೇಳುತ್ತಿದ್ದರು. ಏನು ಎಂದು ನನಗೆ ಗೊತ್ತಿತ್ತು.

ಊಟದ ಹೊತ್ತಿಗೆ ಅವಳು ಅನ್ನದ ಬೇಸನ್ ಹಿಡಿದು ಪಂಕ್ತಿಗೆ ಇಳಿದಳು. ಚಿಂತಾಮಣಿಯಿಂದ ಬಂದಿದ್ದ ನನ್ನ ಸೋದರತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಎವರೇ ಆ ಅಮ್ಮಾಯಿ?" ಎಂದರು. ಯಾರೇ ಆ ಹುಡುಗಿ ಎಂದು.

"ವಂಟವಾಳ್ಳತೋ ವಚ್ಚಿಂದಿ" ಎಂದೆ. ಅಡುಗೆಯವರ ಜೊತೆ ಬಂದವಳು ಎಂದು ತೆಲುಗಿನಲ್ಲಿ ಹೇಳಿದೆ, ಅವಳಿಗೆ ತಿಳಿಯದಿರಲಿ ಎಂದು. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ತೆಲುಗು ತಿಳಿಯದವರು ಇರುತ್ತಾರೆ ಎಂದು ನನ್ನ ತಲೆಗೆ ಹೇಗೆ ಬಂತೋ! ಅವಳ ಸೌಟು ಅಲ್ಲೇ ನಿಂತಿತು. ನನ್ನನ್ನು ನೋಡಿದಳು. ಅದೇ ಹೊತ್ತಿಗೆ ಎದುರು ಸಾಲಿನಲ್ಲಿ ಕೂತಿದ್ದ ಮೈದುನ ತಲೆಯೆತ್ತಿ ಅವಳನ್ನೇ ಕರೆದ.

"ಅಮ್ಮಾ, ಇಲ್ಲೊಂಚೂರು ಅನ್ನ ಹಾಕಿ."

ಅವನಿಗೆ ಅವಳ ಗುರುತೇ ಸಿಗಲಿಲ್ಲ. ಆ ಭಾನುವಾರ ಅವನು ಗೋಡೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಅವಳು ಹೋಗಿ ಬಾಗಿ ಅನ್ನ ಬಡಿಸಿದಳು. ಸಾಕು ಸಾಕು ಎಂದು ಅವನು ಎಲೆಗೆ ಕೈ ಅಡ್ಡ ಹಿಡಿದ. ಉಳಿದ ಸಾಲನ್ನೂ ಅವಳು ಪೂರ್ತಿ ಬಡಿಸಿ, ಬೇಸನ್ ಇಟ್ಟು, ಕೈ ತೊಳೆದುಕೊಂಡು ನನ್ನ ಹತ್ತಿರ ಬಂದಳು.

"ಅವರಿಗೆ ಗೊತ್ತೇ ಇಲ್ಲ, ಅಲ್ವಾ ಅಕ್ಕಾ?"

"ಇಲ್ಲ" ಎಂದೆ.

"ಕೋಣೆ ಬೀಗದ ಕೈ ಕೊಡಿ. ಸಾಮಾನು ಕಟ್ಕೋತೀನಿ."

ಕೊಟ್ಟೆ. ಅವಳು ಬೈದಿದ್ದರೆ ನನಗೂ ಎರಡು ಮಾತು ಆಡಿ ಹಗುರಾಗಲು ದಾರಿ ಸಿಗುತ್ತಿತ್ತು. ಬೈಯಲಿಲ್ಲ. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಅಮ್ಮಂಗೆ ನೀವೇ ಹೇಳಿ. ಅಣ್ಣ ಹೇಳಲ್ಲ. ನನ್ನ ಕೈಲಿ ಆಗಲ್ಲ."

ತಾಯಿ ನಡುಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಲೆ ಅಡಿಕೆ ತಟ್ಟೆಯನ್ನು ಹತ್ತಿರ ಇಟ್ಟುಕೊಂಡು, ಹೋಗುವವರಿಗೆಲ್ಲ ಮನೆಯ ಹಿರಿಯರಂತೆ ತಾಂಬೂಲ ಕೊಡುತ್ತಿದ್ದರು. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನಿಜ ಹೇಳಿಬಿಡಬೇಕು ಎಂದೇ ಕೂತದ್ದು. ನಿಮ್ಮ ಮಗ ಮೋಸ ಮಾಡಿದ, ನಾನೂ ಸೇರಿಕೊಂಡೆ. ಇಷ್ಟೇ. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು. ಹೆಣ್ಣು ಬೇಡವಾದಾಗ ಎಲ್ಲರೂ ಹೇಳುವ ಮಾತು, ನನ್ನನ್ನು ನೋಡಿಹೋದವರಲ್ಲಿ ಮೂವರು ಹೇಳಿ ಕಳಿಸಿದ್ದ ಮಾತು.

"ತಪ್ಪು ತಿಳ್ಕೋಬೇಡಿ ಅಮ್ಮ. ಜಾತಕ ಕೂಡಿ ಬರ್ಲಿಲ್ಲ."

ಅವರು ಎಲೆ ಅಡಿಕೆ ತಟ್ಟೆಯಿಂದ ಕೈ ತೆಗೆದು ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಲು ಹೆಣಗುತ್ತಿದ್ದರು.

"ಜಾತಕ ನೀವು ಕೇಳ್ಲೇ ಇಲ್ವಲ್ಲ ತಾಯಿ" ಎಂದರು. "ಅದೆಲ್ಲ ನೋಡದ ಜನ, ಒಳ್ಳೇ ಜನ ಅಂತ ನಾವಿಬ್ರೂ ಎಷ್ಟು ಖುಷಿ ಪಟ್ಟಿದ್ವಿ."