ಗಂಡನ ಕೈಗೆ ಕಟ್ಟಿದ ಪಟ್ಟಿ

ಕಾರ್ಖಾನೆಯಲ್ಲಿ ಅವಳಿಗೆ ನಿದ್ದೆರಾಣಿ ಎಂದೇ ಹೆಸರು. ಬಾಹ್ಯಾಕಾಶಕ್ಕೆ ಹೋಗುವವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಗಳನ್ನು ಹೊಲಿಯುವುದು ಅವಳ ಕೆಲಸ. ಪಟ್ಟಿಯ ನಡುವೆ ಒಂದು ಪುಟ್ಟ ಯಂತ್ರ ಕೂರುತ್ತದೆ. ಮೇಲೆ ಹೋದವರು ಎಷ್ಟು ಹೊತ್ತು ಮಲಗಿದರು, ಎಷ್ಟು ಹೊರಳಿದರು, ಎಚ್ಚರವಿದ್ದಾಗ ಎಷ್ಟು ಕೈಯಾಡಿಸಿದರು ಎಂಬುದನ್ನೆಲ್ಲ ಅದು ಕೆಳಗಿರುವವರಿಗೆ ಹೇಳುತ್ತದೆ.

ಅಲ್ಲಿ ಒಂದು ಪದ್ಧತಿ. ಹೊಲಿದವಳೇ ತನ್ನ ಪಟ್ಟಿಯನ್ನು ಒಂದು ರಾತ್ರಿ ಕಟ್ಟಿಕೊಂಡು ಮಲಗಬೇಕು. ನಿದ್ದೆ ಕೆಟ್ಟಿದ್ದು ಕಂಡರೆ ಹೊಲಿಗೆ ಎಲ್ಲೋ ಚುಚ್ಚುತ್ತಿದೆ ಎಂದರ್ಥ. ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕು. ಇವಳಿಗೋ, ಅದನ್ನು ಕಟ್ಟಿಕೊಂಡರೆ ಸಾಕು, ಯಾರೋ ತಲೆದಿಂಬಿನ ಬಳಿ ಕೂತು ನೋಡುತ್ತಿದ್ದಾರೆ ಅನ್ನಿಸಿ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಹೊಸದರಲ್ಲಿ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಬೆರಳು ಹುಣ್ಣಾದವು. ಗಂಡ ಮಾತ್ರ ತಲೆ ಇಟ್ಟರೆ ಕೊರಡಿನ ಹಾಗೆ ಮಲಗುವವನು. ಪಟ್ಟಿಯನ್ನು ಅವನ ಕೈಗೆ ಕಟ್ಟಿದಳು.

"ನನಗ್ಯಾಕೆ ಬಳೆ ತೊಡಿಸ್ತೀಯೇ?" ಅಂದ ಅವನು.

"ಸುಮ್ನೆ ಮಲ್ಕೊಳ್ರೀ. ನಿಮ್ಮ ಗೊರಕೆಯಿಂದ ಯಾರಿಗಾದ್ರೂ ಉಪಕಾರ ಆಗ್ಲಿ."

ಅಂದಿನಿಂದ ಅವಳ ಪಟ್ಟಿ ಒಂದೂ ಹಿಂದೆ ಬರಲಿಲ್ಲ. ಜೊತೆಯವರು ನಿದ್ದೆರಾಣಿ ಎಂದು ಕರೆದರು. ಅವಳು ನಕ್ಕು ಮುಂದಿನ ಪಟ್ಟಿಗೆ ಕೈಹಾಕಿದಳು.

ಆಮೇಲೆ ಹೊಸ ಬಗೆಯ ಪಟ್ಟಿ ಬಂತು. ಅದು ಹೊರಳಾಟದ ಜೊತೆಗೆ ನಾಡಿಯನ್ನೂ ನೋಡುತ್ತಿತ್ತು. ಅಭ್ಯಾಸಬಲದಿಂದ ಅದನ್ನೂ ಗಂಡನ ಕೈಗೇ ಕಟ್ಟಿದಳು. ಮಾರನೆಯ ದಿನ ಕಾರ್ಖಾನೆಯ ಡಾಕ್ಟರಮ್ಮ ಕರೆಸಿದರು.

"ನಿಂತಿರಬೇಡಮ್ಮ, ಕೂತ್ಕೋ. ಇತ್ತೀಚೆಗೆ ತಲೆ ಸುತ್ತುತ್ತಾ?"

"ಇಲ್ವಲ್ಲ ಡಾಕ್ಟ್ರೇ. ಯಾಕೆ?"

ಅವರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಅಲೆಯಲೆಯಾಗಿ ಏಳುತ್ತಿದ್ದ ಗೆರೆ ಒಂದು ಕಡೆ ಹಾಗೇ ಮಲಗಿಬಿಟ್ಟಿತ್ತು. ಒಂದಿಷ್ಟು ದೂರ ಹೋಗಿ ಮತ್ತೆ ಎದ್ದಿತ್ತು.

"ಇಲ್ಲಿ ನಿನ್ನ ಎದೆ ಬಡಿದೇ ಇಲ್ಲ. ಇಲ್ಲೂ ಅಷ್ಟೆ. ಪಟ್ಟಿ ಸಡಿಲಾಗಿತ್ತೇನೋ ಅಂತ ನೋಡಿದೆ, ಆಗಿಲ್ಲ. ಇವತ್ತೇ ಆಸ್ಪತ್ರೆಗೆ ಸೇರಬೇಕು. ಎಲ್ಲಿ ಯಾವಾಗ ಕುಸಿದು ಬೀಳ್ತೀಯೋ ಹೇಳೋಕಾಗಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಗಂಡ ಕ್ರೇನ್ ನಡೆಸುವವನು. ಕಿಟಕಿಯ ಆಚೆ, ಮನೆಗಳ ಸಾಲಿನ ಮೇಲೆ, ಕಟ್ಟುತ್ತಿರುವ ಕಟ್ಟಡದ ನೆತ್ತಿಯಲ್ಲಿ ಅವನ ಹಳದಿ ಕ್ರೇನಿನ ತೋಳು ನಿಧಾನವಾಗಿ ತಿರುಗುತ್ತಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂಬ ಯೋಚನೆ ಬಂದು ಹೋಯಿತಂತೆ. ಬಂದಷ್ಟೇ ಬೇಗ ಹೋಯಿತು.

"ಅದು ನಂದಲ್ಲ ಡಾಕ್ಟ್ರೇ. ನಮ್ಮನೆಯವರದ್ದು. ಅವರು ಅಲ್ಲಿದ್ದಾರೆ," ಎಂದು ಬೆರಳು ತೋರಿಸಿದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಕಾರಿನ ಕೀಲಿ ತೆಗೆದುಕೊಂಡು ಓಡಿದರು.

ಗಂಡ ಕೆಲಸದಲ್ಲಿದ್ದಾಗ ಫೋನು ಮುಟ್ಟುವುದಿಲ್ಲ. ಅವಳು ಕಾರಿನ ಗಾಜಿಗೆ ಹಣೆ ಒತ್ತಿ ಕ್ರೇನನ್ನೇ ನೋಡುತ್ತಿದ್ದಳು. ತೋಳು ಆಡುತ್ತಿರುವಷ್ಟು ಹೊತ್ತು ಅವನಿದ್ದಾನೆ. ಒಂದು ತಿರುವಿನಲ್ಲಿ ಗೋಡೆ ಅಡ್ಡ ಬಂತು. ಗೋಡೆ ದಾಟಿದಾಗ ತೋಳು ನಿಂತಿತ್ತು.

"ದೇವರೇ, ತಿರುಗಿಸಪ್ಪಾ. ಒಂದು ಚೂರು ತಿರುಗಿಸು." ಬಾಯಿಗೆ ಬೇರೆ ಪ್ರಾರ್ಥನೆ ಬರಲಿಲ್ಲ. ತೋಳು ಅಲುಗಲಿಲ್ಲ.

ಕಟ್ಟಡದ ಬಾಗಿಲಲ್ಲಿ ಮೇಸ್ತ್ರಿ ನಗುತ್ತಾ ಬಂದ. "ಏನಮ್ಮ, ಯಜಮಾನ ಊಟದ ಡಬ್ಬಿ ಮರೆತು ಬಂದ್ನಾ?"

"ಅವರು ಮಾತಾಡ್ತಿದ್ದಾರಾ? ಮೊದಲು ಅದು ಹೇಳಣ್ಣಾ!"

ಮೇಸ್ತ್ರಿಯ ನಗು ಇಳಿಯಿತು. ವೈರ್‌ಲೆಸ್ ಬಾಯಿಗಿಟ್ಟು ಕೂಗಿದ. ಬರೀ ಗುಯ್‌ಗುಟ್ಟುವ ಸದ್ದು. ಮತ್ತೆ ಕೂಗಿದ. ಆಮೇಲೆ, ನಿದ್ದೆಯಿಂದ ಎದ್ದವನ ಹಾಗೆ ಗಂಡನ ದನಿ ಬಂತು: "ಏನಿಲ್ಲಪ್ಪಾ, ಒಂದು ಗಳಿಗೆ ಕಣ್ಣು ಕತ್ತಲೆ ಬಂತು, ನಿಲ್ಲಿಸಿದ್ದೆ. ಈಗ ಸರಿಹೋಯ್ತು. ಎತ್ಲಾ?"

"ಎತ್ತಬೇಡಿ!" ಎಂದು ಡಾಕ್ಟರಮ್ಮ ಚೀರಿದರು. "ಒಬ್ಬರೇ ಇಳೀಲೂಬೇಡಿ!"

ಇಬ್ಬರು ಹತ್ತಿ ಹೋಗಿ ಅವನ ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗ ಹಿಡಿದು, ಮೇಲೊಬ್ಬ ಕೆಳಗೊಬ್ಬ ಇದ್ದು ಇಳಿಸತೊಡಗಿದರು. ಅವಳು ಕೆಳಗೆ ನಿಂತು ಅವನ ಬೂಟಿನ ಅಡಿಯನ್ನೇ ನೋಡುತ್ತಿದ್ದಳು. ಬೂಟು ಒಂದೊಂದೇ ಮೆಟ್ಟಿಲು ತಡವಿ ಊರುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಕಾಲು ಗಾಳಿಯಲ್ಲೇ ನಿಂತಿತು. ಹಗ್ಗ ಸೆಟೆದುಕೊಂಡಿತು. ಆಮೇಲೆ ಆ ಕಾಲು ಮೆಟ್ಟಿಲು ಹುಡುಕಿಕೊಂಡು ಮತ್ತೆ ಇಳಿಯತೊಡಗಿತು.

ನೆಲ ಮುಟ್ಟಿದವನ ಮುಖ ಬಿಳಿಚಿಕೊಂಡಿತ್ತು. "ಮನೆಗೆ ಬೆಂಕಿ ಬಿತ್ತೇನೇ?" ಎಂದ. ಅವಳು ಅವನ ಮಣಿಕಟ್ಟು ಹಿಡಿದಳು. ಡಾಕ್ಟರಮ್ಮ, "ನಾನು ನೋಡ್ತೀನಿ, ಬಿಡಮ್ಮ," ಎಂದರೂ ಬಿಡಲಿಲ್ಲ. ಆಸ್ಪತ್ರೆಯವರೆಗೂ ಬಿಡಲಿಲ್ಲ.

ಈಗ ಅವನ ಎದೆಯೊಳಗೆ ಪೇಸ್‌ಮೇಕರ್ ಇದೆ. ಅವನು ಕ್ರೇನ್ ಹತ್ತುವುದಿಲ್ಲ, ಕೆಳಗೆ ಉಗ್ರಾಣ ನೋಡಿಕೊಳ್ಳುತ್ತಾನೆ. ಕಾರ್ಖಾನೆಯವರು ಅವಳನ್ನು ಹೊಲಿಗೆಯಿಂದ ತೆಗೆದು ಕತ್ತರಿಸುವ ಮೇಜಿಗೆ ಹಾಕಿದರು.

ಮೊನ್ನೆ ರಜೆಯ ಮಧ್ಯಾಹ್ನ ಅವರ ಮನೆಯಲ್ಲಿ ಅವಳು ಇದನ್ನೆಲ್ಲ ನನಗೆ ಹೇಳುತ್ತಿದ್ದಾಗ ಗಂಡ ಕುರ್ಚಿಯಲ್ಲೇ ತೂಕಡಿಸಿದ. ಅವಳು ಮಾತು ಅಲ್ಲಿಗೇ ಬಿಟ್ಟು ಎದ್ದು ಹೋಗಿ ಮಣಿಕಟ್ಟು ಹಿಡಿದಳು.

"ಬದುಕಿದೀನಿ ಕಣೇ," ಎಂದ ಅವನು, ಕಣ್ಣು ತೆರೆಯದೆ. "ಬಿಡು, ಕೈ ಬೆವರ್ತಿದೆ."

"ಇನ್ನೊಂದು ಚೂರು," ಅಂದಳು.