ನೊಣವೂ ನುಗ್ಗದ ಕೋಣೆ

2006ರಲ್ಲಿ ನಾನು ಚನ್ನಪಟ್ಟಣ ತಾಲ್ಲೂಕಿನಲ್ಲಿ, ಅಕ್ಕೂರಿನಿಂದ ಇನ್ನೂ ಒಳಗಿದ್ದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಾಗಿದ್ದೆ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿಯ ಕಾರ್ಖಾನೆಗಳ ಬಸ್ಸುಗಳು ಮಾತ್ರ ನಮ್ಮ ಹಳ್ಳಿಗಳವರೆಗೂ ಬಂದು ಹುಡುಗರನ್ನು ತುಂಬಿಕೊಂಡು ಹೋಗುತ್ತಿದ್ದವು. ಊರಲ್ಲಿ ಉಳಿದವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು.

ಆ ವರ್ಷ ಚಿಕುನ್‌ಗುನ್ಯಾ ಬಂತು. ಈ ಜ್ವರ ಇಳಿದರೂ ಕೀಲುನೋವು ಬಿಡುವುದಿಲ್ಲ. ಹೊಲ ಉಳುವ ಗಟ್ಟಿ ಆಳುಗಳು ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಿದ್ದರು, ಹೆಂಗಸರಿಗೆ ಒಂದು ಚೊಂಬು ನೀರು ಎತ್ತಲಾಗುತ್ತಿರಲಿಲ್ಲ. "ಎಲ್ಲಾ ಫ್ಯಾಕ್ಟ್ರಿ ನೀರಿನ ಪರಿಣಾಮ ಕಣಮ್ಮ" ಎಂದು ಹಲವರು ವಾದಿಸಿದರು. ಕಾರ್ಖಾನೆಗಳ ಕೊಳೆನೀರು ಸೇರುವ ಬೈರಮಂಗಲದ ಕೆರೆಯ ನೊರೆ ಮತ್ತು ವಾಸನೆ ಕಂಡ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಆದರೆ ಈ ರೋಗ ಹರಡುವುದು ಈಡಿಸ್ ಎಂಬ ಸೊಳ್ಳೆಯಿಂದ. ಮೈಮೇಲೆ ಬಿಳಿ ಪಟ್ಟೆ ಇರುವ ಈ ಸಣ್ಣ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಕೊಳಚೆಯನ್ನು ಬಿಟ್ಟು ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ.

ನಮ್ಮ ಸಿಬ್ಬಂದಿ ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿ, ಒಡೆದ ಮಡಕೆ ಎಲ್ಲವನ್ನೂ ಬರಿದು ಮಾಡಿಸಿದರು. ಹೊಗೆ ಹೊಡೆಯುವ ಯಂತ್ರವನ್ನೂ ತರಿಸಿದೆವು. ಅದನ್ನು ಕಂಡದ್ದೇ ತಡ, ಊರಿಗೆ ಊರೇ ಅಡ್ಡ ನಿಂತಿತು. "ಹೊಗೆ ಬುಟ್ರೆ ನಮ್ ಹುಳ ಒಂದೂ ಉಳಿಯಕಿಲ್ಲ. ಮೊದ್ಲು ಗಾಡಿ ತಿರುಗ್ಸಿ!" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಯಂತ್ರ ಬಂದ ದಾರಿಯಲ್ಲೇ ವಾಪಸ್ಸಾಯಿತು. ಇಷ್ಟೆಲ್ಲ ಮಾಡಿಯೂ ಜ್ವರ ಜಗ್ಗಲಿಲ್ಲ. ಒಂದು ಮನೆಯಲ್ಲಿ ಅಡುಗೆ ಮಾಡುವವರೂ ಮಲಗಿದ್ದರು, ಉಣ್ಣುವವರೂ ಮಲಗಿದ್ದರು. ನನಗೆ ತಲೆಕೆಟ್ಟು ಹೋಗಿತ್ತು.

ಆ ಹೊತ್ತಿಗೆ, ಊರಿನಲ್ಲಿ ಹುಳು ಸಾಕುತ್ತಿದ್ದ ಕೆಂಪಮ್ಮ ಎಂಬವರ ಮಗಳು ನೇತ್ರಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ದಿನ ತುಂಬುತ್ತಿದ್ದ ಹುಡುಗಿ ಈ ಜ್ವರದ ಊರಿನಲ್ಲಿ ಇರುವುದು ಬೇಡವೆನ್ನಿಸಿ ಕೆಂಪಮ್ಮನವರನ್ನು ಕರೆಸಿದೆ. ಹೆರಿಗೆ ಆಗುವತನಕ ಅವಳನ್ನು ಗಂಡನ ಮನೆಯಲ್ಲೇ ಇರಿಸಿ ಎಂದೆ. ಕೆಂಪಮ್ಮ ಒಪ್ಪಲಿಲ್ಲ. "ಬಾಣಂತನಕ್ಕೆ ಬಂದ ಮಗಳ್ನ ವಾಪಸ್ ಅಟ್ಟುದ್ರೆ ಬೀಗರ ಮುಂದೆ ನಾನು ತಲೆ ಎತ್ತಕಾಯ್ತದಾ?" ಎಂದು ನನ್ನನ್ನೇ ಕೇಳಿದರು. ಹಾಗಾದರೆ ಒಂದೇ ಒಂದು ಸೊಳ್ಳೆಯೂ ಕಚ್ಚದ ಹಾಗೆ ನೋಡಿಕೊಳ್ಳಿ ಎಂದು ಗದರಿಸಿ ಕಳಿಸಿದೆ.

ಮುಂದಿನ ವಾರ ಸಂತೆಯಲ್ಲಿ ಸಿಕ್ಕಾಗ ಅವರ ಮುಖ ಅರಳಿತ್ತು. "ನಿಮ್ ಮಾತು ಮೀರಿಲ್ಲ ಡಾಕ್ಟ್ರಮ್ಮ. ನೊಣಾನೂ ನುಗ್ಗದೇ ಇರೋ ಕೋಣೇಲಿ ಮಡಗಿವ್ನಿ." ನಿರಾಳವಾಗಿ ಮನೆಗೆ ಹೋದೆ.

ಕೆಲವೇ ದಿನಗಳಲ್ಲಿ ಕೆಂಪಮ್ಮನ ಗಂಡ ಓಡುತ್ತಾ ಬಂದರು. ನೇತ್ರಾಳಿಗೆ ಜ್ವರ, ಕೈಕಾಲು ಅಲ್ಲಾಡಿಸಲಾಗುತ್ತಿಲ್ಲ, ಹೊಟ್ಟೆನೋವೂ ಶುರುವಾಗಿದೆ ಎಂದರು. ಜೀಪಿನಲ್ಲಿ ಹೋಗಿ ಇಳಿದರೆ ಅವರು ನನ್ನನ್ನು ಮನೆಯೊಳಗೆ ಕರೆಯದೆ ಹಿತ್ತಲಿನ ರೇಷ್ಮೆ ಹುಳು ಮನೆಯ ಮುಂದೆ ನಿಲ್ಲಿಸಿದರು.

ಹುಳು ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯೇ ಇಲ್ಲ. ಹೊರಗಿನ ರೋಗ, ಹೊರಗಿನ ದೃಷ್ಟಿ ಎರಡೂ ಹುಳುವಿಗೆ ಆಗುವುದಿಲ್ಲ ಎಂಬ ಎಚ್ಚರ. ಹಾಗಾಗಿ ನಮ್ಮ ಸಿಬ್ಬಂದಿ ಊರೆಲ್ಲ ಜಾಲಾಡಿದ್ದರೂ ಒಂದು ಹುಳು ಮನೆಯ ಹೊಸಿಲನ್ನೂ ದಾಟಿರಲಿಲ್ಲ. ಅವತ್ತು ಕೆಂಪಮ್ಮ ತಾವೇ ನನ್ನ ಕಾಲಿಗೆ ಬ್ಲೀಚಿಂಗ್ ಪುಡಿಯ ನೀರು ಹೊಯ್ದು ಒಳಗೆ ಬಿಟ್ಟುಕೊಂಡರು.

ಒಳಗೆ ಹೋದವಳು ಬೆರಗಾದೆ. ಅವರು ವಾಸವಿದ್ದ ಮನೆಗಿಂತ ಹತ್ತು ಪಾಲು ಚೊಕ್ಕಟವಾದ ಕೋಣೆ. ಹುಳುವನ್ನು ಕಾಡುವ ಊಜಿ ನೊಣ ಬಾರದಂತೆ ಕಿಟಕಿ, ಬಾಗಿಲಿಗೆಲ್ಲ ಸಣ್ಣ ಕಣ್ಣಿನ ನೈಲಾನ್ ಬಲೆ. ಹುಳು ತಟ್ಟೆಗಳನ್ನು ಜೋಡಿಸಿದ ಎತ್ತರದ ಸ್ಟ್ಯಾಂಡುಗಳ ನಡುವೆ ಚಾಪೆ ಹಾಸಿ ನೇತ್ರಾಳನ್ನು ಮಲಗಿಸಿದ್ದರು. ಸೊಪ್ಪು ಮೇಯುವ ಸದ್ದು ತುಂತುರು ಮಳೆಯ ಹಾಗೆ ಕೇಳುತ್ತಿತ್ತು. ನಾಡಿ ನೋಡಲು ಅವಳ ಪಕ್ಕ ಕುಳಿತೆ. ಸೊಳ್ಳೆಯೊಂದು ನನ್ನ ಮುಂಗೈ ಮೇಲೆ ಕೂತಿತು. ಮೈಮೇಲೆ ಬಿಳಿ ಪಟ್ಟೆ.

ಬಲೆ ಎಲ್ಲೂ ಹರಿದಿರಲಿಲ್ಲ. ಸುತ್ತ ಕಣ್ಣಾಡಿಸಿದೆ. ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ಒಂದೊಂದು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ಇಟ್ಟಿದ್ದರು. ಟಾರ್ಚ್ ಬಿಟ್ಟು ಬಗ್ಗಿದೆ. ನೀರು ಕುದಿಯುತ್ತಿದೆಯೇನೋ ಎಂಬಂತೆ ಸೊಳ್ಳೆಮರಿಗಳು ಮಿಡುಕುತ್ತಿದ್ದವು. ಪಕ್ಕದ ಬಟ್ಟಲಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ಹುಳು ಮೇಯುವಾಗ ಸ್ಟ್ಯಾಂಡ್ ಅಲುಗಿಸಬಾರದು. ಅದಕ್ಕೇ ಬಟ್ಟಲಿನ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ, ಆರಿದಷ್ಟನ್ನು ಮೇಲಿಂದ ತುಂಬುತ್ತಿದ್ದರು. ಹುಟ್ಟಿದ ಸೊಳ್ಳೆಗೆ ಹೊರಗೆ ಹೋಗಲು ಬಲೆ ಬಿಡದು, ಸೊಪ್ಪು ಹಾಕಲು ಬಂದ ಜ್ವರದವರನ್ನು ಕಚ್ಚಿ ಅದು ಒಳಗೇ ಉಳಿಯುತ್ತದೆ. ಆ ಬಲೆಯೊಳಗೆ, ಹಗಲೂ ರಾತ್ರಿ, ಒಬ್ಬ ಬಸುರಿ. 

ಕೆಂಪಮ್ಮನನ್ನು ಕರೆದು ತೋರಿಸಿದೆ. ಅವರು ಒಂದೊಂದೇ ಬಟ್ಟಲನ್ನು ಬಗ್ಗಿ ನೋಡಿದರು. "ಇರುವೆ ಬರ್ಬಾರ್ದು ಅಂತ ಮಡಗಿದ್ದು ಕಣವ್ವ… ಇರುವೆ ಬರ್ಬಾರ್ದು ಅಂತ…" 

ನೇತ್ರಾಳನ್ನು ಜೀಪಿನಲ್ಲೇ ಪಟ್ಟಣದ ಆಸ್ಪತ್ರೆಗೆ ಸಾಗಿಸಿದೆವು. ಅಂದೇ ಹೆಣ್ಣು ಮಗು ಹುಟ್ಟಿತು. ನೋಡಲು ಮುದ್ದಾಗಿತ್ತು, ಜೋರಾಗಿ ಅತ್ತಿತು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಅದು ಮಗುವಿಗೂ ದಾಟಬಹುದು ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಕೂಸಿಗೆ ಜ್ವರ ಏರಿ ಫಿಟ್ಸ್ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು ಜೀವ ಉಳಿಸಿ ಕಳಿಸಿದರು.

ಇತ್ತ ಊರಿನವರೇ ಹುಳು ಮನೆಗಳ ಬಾಗಿಲು ತೆಗೆದರು. ಎಲ್ಲ ಕಡೆಯೂ ಅದೇ ಬಟ್ಟಲು, ಅದೇ ಮರಿ. ವಾರಕ್ಕೊಮ್ಮೆ ಒಂದೊಂದೇ ಕಾಲನ್ನು ಮೆಲ್ಲಗೆ ಎತ್ತಿ, ನೀರು ಚೆಲ್ಲಿ, ಬಟ್ಟಲನ್ನು ಉಜ್ಜಿ ಮತ್ತೆ ತುಂಬುವುದನ್ನು ರೂಢಿ ಮಾಡಿಸಿದೆವು. ಹುಳುವೂ ಕೆಡಲಿಲ್ಲ, ಇರುವೆಯೂ ಹತ್ತಲಿಲ್ಲ. ಜ್ವರ ಇಳಿಯಿತು. ಜನ ಎಲ್ಲಿ ಕೊಳಕು ಮಾಡಿಕೊಂಡಿದ್ದಾರೆ ಎಂದು ಹುಡುಕುವುದನ್ನು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಅವರು ಯಾವುದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ ಎಂಬುದನ್ನೂ ನೋಡಬೇಕು ಎಂದು ಕಲಿಸಿದ್ದು ಈ ಊರು. ಮುಂದೆ ಎಲ್ಲಿಗೆ ವರ್ಗವಾದರೂ ಮೊದಲು ಅದನ್ನೇ ವಿಚಾರಿಸುತ್ತಿದ್ದೆ.

ಕೆಲವು ತಿಂಗಳ ಮೇಲೆ ಕೆಂಪಮ್ಮ ಮೊಮ್ಮಗಳನ್ನು ಲಸಿಕೆಗೆ ಕರೆತಂದರು. "ಎಂಥಾ ಸಾಧು ಕೂಸು ಅಂತೀರಾ! ಹಠ ಇಲ್ಲ, ಗಲಾಟೆ ಇಲ್ಲ, ಮಲಗ್ಸಿದ ಕಡೆನೇ ಇರ್ತೈತೆ. ಇವರವ್ವ ಇಷ್ಟೊತ್ಗೆ ಮನೆ ತುಂಬ ಉಳ್ಳಾಡ್ಬುಟ್ಟಿದ್ಲು."

ಎತ್ತಿಕೊಂಡೆ. ಮಗುವಿನ ಕತ್ತು ಇನ್ನೂ ನಿಂತಿರಲಿಲ್ಲ. ಕಿವಿಯ ಬಳಿ ಬೀಗದ ಕೈ ಗೊಂಚಲು ಅಲ್ಲಾಡಿಸಿದೆ, ಸದ್ದಿನತ್ತ ಮಗು ತಿರುಗಲಿಲ್ಲ. ಟಾರ್ಚ್ ಬೆಳಕನ್ನು ಆಚೀಚೆ ಆಡಿಸಿದೆ, ಕಣ್ಣು ಹಿಂಬಾಲಿಸಲಿಲ್ಲ. ತೊಡೆಗೆ ಸೂಜಿ ಚುಚ್ಚಿದೆ. ಅಳಲೂ ಇಲ್ಲ.

"ನೋಡುದ್ರಾ?" ಎಂದರು ಕೆಂಪಮ್ಮ, ಮುಖದ ತುಂಬ ಹೆಮ್ಮೆ.

 ಹೇಳಲೇಬೇಕಿತ್ತು. ಬಾಗಿಲು ಮುಚ್ಚಿ, ಅವರನ್ನು ಕೂರಿಸಿ, ಜ್ವರ ಮಗುವಿನ ಮಿದುಳಿಗೆ ಏನು ಮಾಡಿದೆ ಎಂದು ತಿಳಿಯುವ ಹಾಗೆ ಹೇಳಿದೆ. ಅವರು ಕೂಸಿನ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಹಂಗಾರೆ ಇದು… ಸಾಧು ಅಲ್ವಾ ಡಾಕ್ಟ್ರಮ್ಮ?"