ಮೆಷಿನ್ ಹೌಸಿನಿಂದ ಸರಳೆ ವರಸೆಗೆ

ಸಂಗೀತ ಕಲಿಯಬೇಕೆಂಬ ಹುಚ್ಚು ನನಗೆ ಹತ್ತಿದ್ದು ಚಡ್ಡಿ ಹಾಕುವ ವಯಸ್ಸಿನಲ್ಲಿ. ಕಲಿಯಲು ಕೂತದ್ದು ನಿವೃತ್ತಿಯ ಹಾರ ಹಾಕಿಸಿಕೊಂಡ ಮೇಲೆ. ನಡುವಿನ ಕಾಲವನ್ನೆಲ್ಲ ಭದ್ರಾವತಿಯ ಕಾಗದನಗರದ ಪೇಪರ್ ಮಿಲ್ಲಿನ ಮೆಷಿನ್ ಹೌಸ್ ನುಂಗಿತ್ತು. ಅಲ್ಲಿ ಪಕ್ಕದಲ್ಲಿ ನಿಂತವನನ್ನು ಟೀ ಆಯಿತೇ ಎಂದು ಕೇಳಬೇಕಾದರೂ ಕೂಗಬೇಕು. ಕೂಗಿ ಕೂಗಿ ಗಟ್ಟಿಯಾದ ಗಂಟಲನ್ನು ನಾನು ಕಂಚಿನ ಕಂಠವೆಂದು ನಂಬಿದ್ದೆ. ನನ್ನ ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಕ್ವಾರ್ಟರ್ಸ್ ಬಿಟ್ಟು ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಅಲ್ಲಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಸಂಗೀತದ ಟೀಚರ ಮನೆಗೆ. ಟೀಚರ್ ನನ್ನ ಮಗಳಿಗಿಂತ ಚಿಕ್ಕವರು. ಮೊದಲ ದಿನ ನನ್ನ ಹಿಂದೆ ಮುಂದೆ ನೋಡಿ, "ಮಗು ಎಲ್ಲಿ ಸರ್?" ಎಂದರು. ನಾನೇ ಎಂದು ಹೇಳುವಷ್ಟರಲ್ಲಿ ಬೆವರಿಳಿಯಿತು. ಲಂಗ ತೊಟ್ಟ ಹುಡುಗಿಯರೆಲ್ಲ ಚಾಪೆಯ ಮೇಲೆ, ಮಂಡಿನೋವಿನ ನಾನು ಸ್ಟೂಲಿನ ಮೇಲೆ. ನಾನು 'ಸಾ' ಎಂದ ಕೂಡಲೇ ಒಬ್ಬಳು, ಶ್ರುತಿಪೆಟ್ಟಿಗೆ ಕೆಟ್ಟಿತೇನೋ ಎಂದು ಬಗ್ಗಿ ನೋಡಿದಳು. ಕೆಟ್ಟಿರಲಿಲ್ಲ, ಕೇಳಿಸುತ್ತಿರಲಿಲ್ಲ, ಅಷ್ಟೆ.

ಅಭ್ಯಾಸ ಬೆಳಿಗ್ಗೆ, ಮನೆಯಲ್ಲಿ. ಪಕ್ಕದ ಮನೆಯವನು ಗೇಟಿನಲ್ಲಿ ಹಿಡಿದು ಕೇಳಿದ: "ಏನ್ ಮಾರಾಯ, ಬೆಳ್ ಬೆಳಿಗ್ಗೇನೇ ಮನೇಲಿ ಜಗಳನಾ? ನಾನ್ ಬಂದು ಬಿಡಿಸ್ಲಾ?"

ಅದನ್ನು ಕೇಳಿಸಿಕೊಂಡ ಹೆಂಡತಿ ಒಳಗೆ ಬಂದು ಸೌಟು ಕುಕ್ಕಿದಳು. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮ್ಗೆ ಸ್ವಲ್ಪ ಬೇಗನೇ ಬಂತು."

ನನಗೂ ರೇಗಿತು. "ಈ ಸಲದ ಆರಾಧನೇಲಿ ಒಂದು ದೇವರನಾಮ ಪೂರ್ತಿ ಹಾಡಿ ಮುಗಿಸ್ತೀನಿ. ಆಗ್ಲಿಲ್ಲ ಅಂದ್ರೆ ಸಂಗೀತದ ಸುದ್ದಿಗೇ ಹೋಗಲ್ಲ."

"ಮಾತು ತಪ್ಪಬಾರ್ದು ಮತ್ತೆ," ಎಂದಳು. ಎಷ್ಟು ಖುಷಿಯಾಗಿದ್ದಳೆಂದರೆ ಆ ದಿನದ ಉಪ್ಪಿಟ್ಟಿಗೆ ಗೋಡಂಬಿ ಬಿತ್ತು. ನಾನು ಮಾತ್ರ ಗೋಡಂಬಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತೆ. ಜೀವಮಾನವೆಲ್ಲ ಕಾದು ಪಡೆದದ್ದನ್ನು ಬಾಯಿಚಪಲಕ್ಕೆ ಪಣಕ್ಕಿಟ್ಟಿದ್ದೆ. ನಿಜವಾಗಿ ಹೆದರಿದ್ದೆ.

ಆರಾಧನೆ ಎಂದರೆ ಟೀಚರ ಶಿಷ್ಯರೆಲ್ಲ ವರ್ಷಕ್ಕೊಮ್ಮೆ ದೇವಸ್ಥಾನದ ಸಭಾಂಗಣದಲ್ಲಿ ಹಾಡುವುದು. ಅಂದು ಹೋಗಿ ನೋಡಿದರೆ ಮೂರನೇ ಸಾಲಿನಲ್ಲಿ ನನ್ನ ಹಳೆಯ ಶಿಫ್ಟಿನವರು! ನಾನು ಕರೆದಿರಲಿಲ್ಲ. ಹೆಂಡತಿ ಕರೆದಿದ್ದಳು, ಸಾಕ್ಷಿಗೆ.

ಪಲ್ಲವಿ ದಾಟಿತು, ಅನುಪಲ್ಲವಿಯೂ ದಾಟಿತು. ಎಂದೂ ಒಲಿಯದ ಶ್ರುತಿ ಅಂದು ಯಾಕೋ ಕೈಹಿಡಿದಿತ್ತು. ಪಕ್ಕದಲ್ಲಿ ತಾಳ ಹಾಕುತ್ತಿದ್ದ ಟೀಚರಿಗೆ ಸಂತೋಷವಾಗಿ, ಹೆದರಬೇಡಿ ಹೀಗೇ ಹೋಗಲಿ ಎಂಬಂತೆ ಅಂಗೈ ತೋರಿಸಿ ಕೈ ಎತ್ತಿದರು. ನಾನು ತಟ್ಟನೆ ನಿಲ್ಲಿಸಿಬಿಟ್ಟೆ.

ಮೆಷಿನ್ ಹೌಸಿನಲ್ಲಿ ಮಾತು ಕೇಳಿಸದು, ಎಲ್ಲವೂ ಕೈಸನ್ನೆ. ಅಂಗೈ ಎತ್ತಿದರೆ 'ನಿಲ್ಲಿಸು'. ಅದನ್ನು ಕಂಡ ಮೇಲೂ ಮೆಷಿನ್ ಓಡಿಸುವವನನ್ನು ನಮ್ಮಲ್ಲಿ ಮನುಷ್ಯನೆಂದು ಎಣಿಸುವುದಿಲ್ಲ. ಯಾರದೋ ಕೈ ಸಿಕ್ಕಿಕೊಂಡಿದ್ದರೆ? ಬುದ್ಧಿಗೆ ತಿಳಿಯುವ ಮೊದಲೇ ಗಂಟಲಿಗೆ ತಿಳಿದಿತ್ತು. ಪಿಟೀಲು ಒಂದಷ್ಟು ದೂರ ಒಂಟಿಯಾಗಿ ಹೋಗಿ ನಿಂತಿತು, ಮೃದಂಗವೂ ನಿಂತಿತು. ಟೀಚರ್ "ಹಾಡಿ ಸರ್, ಹಾಡಿ" ಎಂದು ಪಿಸುಗುಟ್ಟಿದರು. ನನಗೆ ಸಾಹಿತ್ಯವೇ ಮರೆತುಹೋಗಿತ್ತು. ಮುಗಿಯಿತು ನನ್ನ ಸಂಗೀತ ಎಂದುಕೊಂಡು ಏಳಲು ಮಂಡಿಗೆ ಕೈ ಊರಿದೆ.

ಆಗ ಮೂರನೇ ಸಾಲಿನಲ್ಲಿ ಒಬ್ಬ ಎದ್ದು ನಿಂತ. ತೋರುಬೆರಳನ್ನು ಮೇಲೆತ್ತಿ ಗಾಳಿಯಲ್ಲಿ ಗರಗರ ತಿರುಗಿಸಿದ. ಪಕ್ಕದವನೂ ತಿರುಗಿಸಿದ. ಆಮೇಲೆ ಇಡೀ ಸಾಲೇ ತಿರುಗಿಸಿತು. ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ: ಓಡಿಸು.

ಓಡಿಸಿದೆ. ಅದೂ ಎಲ್ಲಿಂದ? ಪಲ್ಲವಿಯಿಂದ! ಮೆಷಿನ್ ಮೇಲೆ ಕಾಗದ ಹರಿದರೆ ಮೊದಲ ತುದಿಯಿಂದಲೇ ಮತ್ತೆ ಎಳೆದು ತರಬೇಕು, ನಡುವಿನಿಂದ ಹಿಡಿಯುವ ಪದ್ಧತಿ ನಮಗೆ ಗೊತ್ತಿಲ್ಲ. ಶ್ರುತಿ ಆ ಹೊತ್ತಿಗೆ ಮನೆಗೆ ಹೋಗಿಯಾಗಿತ್ತು. ನಾನು ಮಾತ್ರ ಹೋಗದೆ ಕೊನೆಯ ಚರಣದವರೆಗೆ ಹಾಡಿದೆ. ಮೈಕಿನವನು ಮೈಕು ಆಫ್ ಮಾಡಿದ್ದನೆಂದು ಆಮೇಲೆ ತಿಳಿಯಿತು, ಯಾರಿಗೂ ವ್ಯತ್ಯಾಸವಾಗಿರಲಿಲ್ಲವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಪೂರ್ತಿ ಹಾಡಿದ್ದು ನಿಜ, ನಡುವೆ ನಿಂತದ್ದೂ ನಿಜ. ತೀರ್ಪು ಅವಳದು. ಕೇಳಲು ನನಗೆ ಧೈರ್ಯವಿರಲಿಲ್ಲ. ಭದ್ರಾವತಿ ಹತ್ತಿರ ಬಂದಾಗ ಮಡಿಲಲ್ಲಿದ್ದ ಪ್ರಸಾದದ ಪೊಟ್ಟಣ ಬಿಚ್ಚಿ ನನ್ನ ಕೈಗೆ ಹಾಕಿ, "ಇನ್ನೊಂದ್ ಹಾಡು ಕಲ್ತ್ಕೊಳ್ಳಿ. ಅದೊಂದನ್ನೇ ಎಷ್ಟು ವರ್ಷ ಅಂತ ಕೇಳೋದು?" ಎಂದಳು.

ನನಗೆ ಅಳು ಬಂತು. ಅಳುವುದನ್ನೂ ಮೆಲ್ಲಗೆ ಮಾಡಲು ಬರದವನು ನಾನು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.